ಬುದ್ಧಿಯ ಮಾತ್ರೆ

"ತಲೇಲಿ ಬರೀ ಸಗಣಿ ತುಂಬ್ಕೊಂಡಿದೀಯ! ಏಳರ ಮಗ್ಗೀನೂ ಮರ್ತ್ಯಾ?" ಶಾರದೆಯ ಪಟದ ಮುಂದಿಟ್ಟಿದ್ದ ವಿಟಮಿನ್ ಮಾತ್ರೆಗಳಲ್ಲಿ ಇನ್ನೊಂದನ್ನು ತಾಯಿ ಮಗಳ ಬಾಯಿಗೆ ತುರುಕಿದಳು. ಪಕ್ಕದ ಮನೆಯ ಹುಡುಗಿಗೆ ದಿನಕ್ಕೊಂದು ಸಾಕಂತೆ. ಈ ದಡ್ಡಿಗೆ ನಾಲ್ಕಾದರೂ ಬೇಡವೇ? ತಲೆನೋವು, ವಾಂತಿ ಎಲ್ಲ ಓದು ತಪ್ಪಿಸುವ ನಾಟಕ.

ಮಗಳಿಗೆ ಅಕ್ಷರಗಳು ಎರಡೆರಡಾಗಿ ಕಾಣತೊಡಗಿದಾಗ ಆಸ್ಪತ್ರೆಗೆ ಹೋಗಲೇಬೇಕಾಯಿತು.

"ತಲೆಯೊಳಗೆ ಒತ್ತಡ ಏರಿದೆ. ಮರೆವಿಗೂ ಅದೇ ಕಾರಣ. ಏನಾದ್ರೂ ಮಾತ್ರೆ ಕೊಡ್ತಿದೀರಾ?" ಎಂದರು ಡಾಕ್ಟರು.

ತಾಯಿ ಹೆಮ್ಮೆಯಿಂದಲೇ ಡಬ್ಬಿ ತೆಗೆದುಕೊಟ್ಟಳು.

"ವಿಟಮಿನ್ ಎ ಅತಿಯಾದ್ರೆ ಹೀಗೇ ಆಗೋದು! ಯಾವಾಗಿಂದ ಕೊಡ್ತಿದೀರಮ್ಮ?"

ಮಗಳೇ ಹೇಳಿದಳು: "ನಾನು ಕ್ಲಾಸಿಗೇ ಸೆಕೆಂಡ್ ಬಂದ್ನಲ್ಲ, ಅವತ್ತಿಂದ."