ಇಂಡಿ ಮೇಳದ ಒಂದೇ ಹುದ್ದೆ

ಸಾಲಿನಲ್ಲಿ ನಿಂತವರೊಳಗೆ ಆ ಮುಖ ಕಂಡದ್ದೇ ತಡ, ಸಾಕ್ಷಿ ತಲೆ ತಗ್ಗಿಸಿ ಮೇಜಿನ ಮೇಲಿನ ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದಳು. ಹುಡುಕಲು ಅಲ್ಲೇನೂ ಇರಲಿಲ್ಲ. ಪ್ರೇಮಕುಮಾರ ಸರ್! ಇಷ್ಟೊಂದು ಮೇಜುಗಳಿದ್ದವಲ್ಲ, ಅವರಿಗೆ ಇವಳ ಮೇಜೇ ಬೇಕಿತ್ತೇ?

ಇಂಡಿಯ ಕಾಲೇಜು ಮೈದಾನದಲ್ಲಿ ಉದ್ಯೋಗ ಮೇಳ. ಶಾಮಿಯಾನದ ಕೆಳಗೂ ಕಾದ ಹಂಚಿನ ಮೇಲೆ ಕೂತಂತೆ. ಬಿ.ಕಾಂ., ಬಿ.ಎಡ್., ಐಟಿಐ, ಸುತ್ತಲಿನ ತಾಲ್ಲೂಕುಗಳಲ್ಲಿ ಕೈಗೆ ಪದವಿ ಹತ್ತಿದವರೆಲ್ಲ ಇಲ್ಲಿಗೇ ಬಂದಿದ್ದರು. ಬರದೆ ಏನು ಮಾಡಿಯಾರು? ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ಇದ್ದಾಗಷ್ಟೇ ಕೆಲಸ. ನಿಂಬೆ ಮಾರುಕಟ್ಟೆಗೆ ಬೇಕಾದವರು ಹಮಾಲರು. ಓದಿದವರನ್ನು ಕೇಳುವವರೇ ಇಲ್ಲ.

ಮೇಳ ನಡೆಸುವ ಭೀಮಶ್ಯಾ ಬೆಳಿಗ್ಗೆಯೇ ಸಾಕ್ಷಿಯ ಕಿವಿಯಲ್ಲಿ ಹೇಳಿ ಹೋಗಿದ್ದ: "ಎಲ್ಲಾರ್ಗೂ ಫೋನ್ ಮಾಡ್ತೇವಿ ಅಂತ ಹೇಳಿ ಕಳಸು ತಂಗಿ. ಒಬ್ಬರನ್ನಷ್ಟ ಆರಿಸು. ಚಂದಾಗಿ ಕುಂದ್ರಾಂವ, ಚಲೋ ಮಾತಾಡಾಂವ ಬೇಕು."

ಒಂದೇ ಹುದ್ದೆ. ಮಧ್ಯಾಹ್ನವಾದರೂ ಸಾಕ್ಷಿ ಯಾರನ್ನೂ ಆರಿಸಿರಲಿಲ್ಲ. ಪ್ರತಿಯೊಬ್ಬರಿಗೂ "ಫೋನ್ ಮಾಡ್ತೇವ್ರಿ" ಅನ್ನುವಾಗ ಅವಳಿಗೆ ತನ್ನ ದನಿಯೇ ಅಸಹ್ಯವಾಗುತ್ತಿತ್ತು.

ಸರ್ ಮುಂದೆ ಬಂದು ಕೈಮುಗಿದರು. "ನಮಸ್ಕಾರ್ರಿ ಮೇಡಂ."

"ಅಯ್ಯ ಸರ್, ನಾನ್ರಿ, ಕನ್ನೊಳ್ಳಿ ಸಾಕ್ಷಿ. ನನಗ ಮೇಡಂ ಅನಬ್ಯಾಡ್ರಿ. ಕುಂದರ್ರಿ."

ಸರ್ ಮುಖ ಅರಳಿತು. "ಸಾಕ್ಷಿ ಏನವಾ! ನಿನ್ನ ಈ ಕುರ್ಚಿ ಮ್ಯಾಲೆ ನೋಡಿ ಹೊಟ್ಟಿ ತುಂಬಿತು ನೋಡು. ಕಂಪನಿ ಚಲೋ ಐತಿಲ್ಲೋ?"

"ಐತ್ರಿ." ಅವಳು ಮತ್ತೆ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

ಸಿಂದಗಿಯ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರಾಗಿದ್ದರು. ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ಸಾಕ್ಷಿಯನ್ನು ಎಬ್ಬಿಸಿ ನಿಲ್ಲಿಸಿ, ನಾಲ್ಕು ಜನರೆದುರು ಮಾತಾಡಲು ಕಲಿಸಿದವರು. ಈ ವರ್ಷ ಅವರನ್ನು ಮತ್ತೆ ಕರೆಯಲಿಲ್ಲವಂತೆ.

"ನನ್ನ ಹೇಣ್ತಿ ಕಾವೇರಿಗೆ ಈಗ ಏಳು ತಿಂಗಳು," ಸರ್ ದನಿ ತಗ್ಗಿಸಿದರು. "ಇಂಥಾದ್ರಾಗೂ ನಿಂಬಿಹಣ್ಣು ಹರಿಯಾಕ ಹೊಕ್ಕಾಳ. ಕೈತುಂಬ ಮುಳ್ಳು. ನಾ ಮನ್ಯಾಗ ಕುಂತು ಆಕಿ ದುಡದದ್ದು ಉಣ್ಣಾಕತ್ತೇನಿ. ಏನರ ಒಂದು ಕೆಲಸ ಕೊಡು. ಆದ್ರ ಗುರುತಿನಾಂವ ಅಂತ ಕೊಡಬ್ಯಾಡ. ಕೇಳೂದು ಕೇಳು."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಆದರೂ ಕೇಳಿದಳು. ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ಅವರೇ ಹೇಳಿಕೊಟ್ಟಿದ್ದ ಪ್ರಶ್ನೆಗಳನ್ನು ಅವರಿಗೇ ಕೇಳಿದಳು. ಅವರು ಹೊಸ ಹುಡುಗನ ಹಾಗೆ ನೆಟ್ಟಗೆ ಕೂತು, ಒಂದೊಂದಕ್ಕೂ ಶ್ರದ್ಧೆಯಿಂದ ಉತ್ತರ ಕೊಟ್ಟರು. ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಭೀಮಶ್ಯಾ ಇವರನ್ನೇ ನೋಡಿ ತಲೆಯಾಡಿಸಿದ. ಅವನಿಗೆ ಮನುಷ್ಯ ಒಪ್ಪಿಗೆಯಾಗಿದ್ದ.

ಸಾಕ್ಷಿಗೆ ಬಾಯಲ್ಲಿ ಬಿಸಿತುಪ್ಪ. ಕೊಡದಿದ್ದರೆ ಸರ್ ಬರಿಗೈಯಲ್ಲಿ ಹೋಗುತ್ತಾರೆ. ಕೊಟ್ಟರೆ, ಇನ್ನು ಮುಂದೆ ಅವರಿಗೆ ಮುಖ ತೋರಿಸುವುದು ಹೇಗೆ? ಸರ್ ಬೆನ್ನ ಹಿಂದೆ ಸಾಲು ಗೊಣಗತೊಡಗಿತು.

"ನಿಮ್ಮನ್ನ ಆರಿಸೇನ್ರಿ ಸರ್. ಆದ್ರ..."

ಆ 'ಆದ್ರ' ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಫೋನ್ ಆಗಲೇ ಕಿವಿಗೆ ಹೋಗಿತ್ತು. "ಕಾವೇರಿ, ಬುಟ್ಟಿ ಅಲ್ಲೇ ಇಟ್ಟು ಮನಿಗೆ ನಡಿ. ಇನ್ನ ತ್ವಾಟದ ಮಾತ ಬ್ಯಾಡ. ಕೆಲಸ ಆತು! ಹೂಂ, ನನ್ನ ಕೈಯಾಗ ಕಲತಾಕಿನ ಕೊಟ್ಟಾಳ!"

ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಸರ್ ಕಣ್ಣೊರೆಸಿಕೊಂಡು, "ಎಲ್ಲಿಗೆ ಬರಬೇಕವಾ ನಾಳೆ? ಏನು ಕೆಲಸ?" ಎಂದರು.

ಸಾಕ್ಷಿ ಅವರ ಮುಖ ನೋಡಲಿಲ್ಲ.

"ಯಾವ ಕಂಪನೀನೂ ಬಂದಿಲ್ರಿ ಸರ್. ಮೊನ್ನೆ ಬಾಗೇವಾಡಿ ಮೇಳದಾಗ ನಾನೂ ನಿಮ್ಮಂಗ ಸಾಲಿನ್ಯಾಗ ನಿಂತಿದ್ದೆ. ಟೇಬಲ್ ಖಾಲಿ ಕಾಣಬಾರ್ದು ಅಂತ ಇವತ್ತೊಂದ ದಿನಕ್ಕ ನನ್ನನ್ನ ಇಲ್ಲಿ ಕುಂಡ್ರಿಸ್ಯಾರ. ನಾಳೆ ಸಿಂದಗಿ ಮೇಳದಾಗ ಇಂಥಾ ಕುರ್ಚಿ ಮ್ಯಾಲೆ ನೀವು ಕುಂದರಬೇಕ್ರಿ."