ಎಡಕ್ಕೆ ತಿರುಗಿದ ಬಸ್ಸು

ಸೈರನ್ ಕೂಗುತ್ತಲೇ ಇತ್ತು. ವೃತ್ತದಲ್ಲಿ ಬಲಕ್ಕೆ ತಿರುಗಿ ಹೆದ್ದಾರಿ ಹಿಡಿಯಬೇಕಾಗಿದ್ದ ಶಾಲೆಯ ಬಸ್ಸು ಎಡಕ್ಕೆ ತಿರುಗಿತು.

"ಏಯ್, ಎಲ್ಲಿಗಯ್ಯಾ? ದಾರಿ ಆ ಕಡೆ!" ಬಾಗಿಲ ಪಕ್ಕದ ಸೀಟಿನಿಂದ, ಬಸ್ಸಿನ ಉಸ್ತುವಾರಿಗೆ ಬಂದಿದ್ದ ಅಧಿಕಾರಿ ಅರ್ಧ ಎದ್ದು ನಿಂತ. ಚಾಲಕನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹಿಂದೆ ಬಸ್ಸು ತುಂಬ ಮಕ್ಕಳು. "ಅಂಕಲ್ ದಾರಿ ತಪ್ಪಿದ್ರು!" ಎಂದು ಅವಕ್ಕೆ ಖುಷಿಯೋ ಖುಷಿ.

ನಡೆಯುತ್ತಿದ್ದದ್ದು ಬರೀ ಅಣಕು ತಾಲೀಮು. ಎಷ್ಟೋ ಕಾಲದಿಂದ ಮುಚ್ಚಿದ್ದ ಅಣು ವಿದ್ಯುತ್ ಸ್ಥಾವರವನ್ನು ಮತ್ತೆ ಶುರು ಮಾಡಬೇಕಾದರೆ, ಅಪಾಯದ ಹೊತ್ತಿನಲ್ಲಿ ಊರು ಖಾಲಿ ಮಾಡಲು ಆಗುತ್ತದೆ ಎಂದು ಮೊದಲು ತೋರಿಸಬೇಕಿತ್ತು. ತಾಲೀಮು ಕೆಟ್ಟರೆ ಅನುಮತಿಯೂ ಇಲ್ಲ.

ಮಕ್ಕಳ ಜೊತೆ ಕೂತಿದ್ದ ಟೀಚರ್ ನಗಲಿಲ್ಲ. ಹೋದ ವಾರ ಸಾರ್ವಜನಿಕ ಸಭೆಯಲ್ಲಿ ಸ್ಥಾವರ ಬೇಡವೆಂದು ಆಕೆ ಮಾತನಾಡುತ್ತಿದ್ದಾಗ ಇದೇ ಚಾಲಕ ಎದ್ದುಬಂದು ಮೈಕು ಕಿತ್ತುಕೊಂಡಿದ್ದ. "ಕರೆಂಟು ಹೋದ್ರೆ ನಿಮ್ಮನೇಲಿ ಫ್ಯಾನ್ ನಿಲ್ಲುತ್ತೆ ಟೀಚರಮ್ಮ, ನಮ್ಮನೇಲಿ ಉಸಿರು ನಿಲ್ಲುತ್ತೆ!" ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನ ಹೆಂಡತಿ ಆಕ್ಸಿಜನ್ ಮಿಷನ್ ಹಚ್ಚಿಕೊಂಡು ಬದುಕುವವಳು. ಕರೆಂಟು ಹೋದರೆ ಸಿಲಿಂಡರು, ಸಿಲಿಂಡರು ಮುಗಿಯುವುದರೊಳಗೆ ಮತ್ತೆ ಕರೆಂಟು ಬರಬೇಕು. ಈ ಬೇಸಿಗೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗಿ, ಅವಳು ಕೂದಲೆಳೆಯಲ್ಲಿ ಪಾರಾಗಿದ್ದಳು.

ಬಸ್ಸು ಒಂದು ಸಣ್ಣ ಮನೆಯ ಮುಂದೆ ಗಕ್ಕನೆ ನಿಂತಿತು. ಇಂಜಿನ್ ಆರಿಸದೆಯೇ ಚಾಲಕ ಕೆಳಗೆ ಹಾರಿ ಗೇಟಿನತ್ತ ಓಡಿದ. ಕಿಟಕಿಯಲ್ಲಿ ಹೆಂಡತಿ ಕಾಣಿಸಿಕೊಂಡಳು, ಮೂಗಿಗೆ ಕೊಳವೆ.

"ಏನ್ರೀ ಇದು? ಮಕ್ಕಳನ್ನ ಕೂರಿಸ್ಕೊಂಡು ಇಲ್ಲಿಗೆ ಬಂದ್ರಾ?"

"ಸೈರನ್ ಆಯ್ತಲ್ಲ... ನೀನೊಬ್ಳೇ..."

"ಅದು ಸುಳ್ಳು ಸೈರನ್ ಕಣ್ರೀ! ಹೆದರಬೇಡ ಅಂತ ಬೆಳಿಗ್ಗೆ ನೀವೇ ಹೇಳಿ ಹೋಗಿದ್ದು." ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು. ಮುಂದೆ ಮಾತಾಡಲಾಗದೆ, ಹೋಗಿ ಹೋಗಿ ಎಂದು ಕೈ ಬೀಸಿದಳು.

ನಿದ್ದೆಯಿಂದ ಎಚ್ಚರಾದವನಂತೆ ಅವನು ಗೇಟು ಹಿಡಿದು ನಿಂತ. ಮರಳಿ ಸೀಟಿಗೆ ಬಂದು ಕೂತಾಗ ಅಂಗಿ ಬೆವರಿನಿಂದ ಮೈಗಂಟಿತ್ತು.

"ಆಗಿದ್ದು ಆಗ್ಹೋಯ್ತು," ಅಧಿಕಾರಿ ಹಣೆ ಒರೆಸಿಕೊಂಡ. "ದಾರೀಲಿ ಟ್ರಾಫಿಕ್ ಇತ್ತು, ಅಷ್ಟೆ. ಮೇಲಿನವರು ಕೇಳಿದ್ರೆ ಎಲ್ರೂ ಒಂದೇ ಮಾತು. ಏನಮ್ಮಾ ಟೀಚರ್, ನೀವೇನಂತೀರಿ?"

ಸ್ಥಾವರ ನಿಲ್ಲಿಸಲು ಆಕೆಯ ಒಂದು ಮಾತು ಸಾಕಿತ್ತು. ಆಕೆ ಊರೆಲ್ಲ ತಿರುಗಿ ಸಹಿ ಹಾಕಿಸಿ ಮಾಡಲಾಗದ್ದು ಆ ಒಂದು ಮಾತಿನಿಂದ ಆಗುತ್ತಿತ್ತು. ಆದರೆ ಆಕೆ ಇನ್ನೂ ಆ ಕಿಟಕಿಯನ್ನೇ ನೋಡುತ್ತಿದ್ದಳು.

"ನಾನು ಹೊರಗೆ ನೋಡ್ತಿರಲಿಲ್ಲ," ಎಂದಳು.

ಊರಾಚೆಯ ಮೈದಾನದಲ್ಲಿ ಉಳಿದ ಬಸ್ಸುಗಳೆಲ್ಲ ಆಗಲೇ ಸಾಲಾಗಿ ನಿಂತಿದ್ದವು. ಹಿರಿಯ ಅಧಿಕಾರಿ ಪತ್ರಿಕೆಯವರನ್ನು ಬೆನ್ನಿಗೆ ಕಟ್ಟಿಕೊಂಡು ಬಂದ.

"ನಿಮ್ಮದೊಂದೇ ಯಾಕೆ ಲೇಟು?"

"ಟ್ರಾಫಿಕ್ಕು ಸಾರ್," ಎಂದ ಬಸ್ಸಿನ ಅಧಿಕಾರಿ.

"ಹೌದೇನಪ್ಪಾ ಡ್ರೈವರ್?"

ಹೌದು ಎಂದರೆ ಮುಗಿಯಿತು. ಸ್ಥಾವರ ಶುರುವಾಗುತ್ತದೆ, ಮನೆಯ ಮಿಷನ್ ಹಗಲೂ ರಾತ್ರಿ ನಿಲ್ಲದೆ ಗುಯ್‌ಗುಡುತ್ತದೆ. ಅವನು ಟೀಚರ್ ಮುಖ ನೋಡಿದ. ಆಕೆ ಅವನಿಗಷ್ಟೇ ಕೇಳುವಂತೆ, "ಹೂಂ ಅನ್ನಿ. ಕಿಟಕೀಲಿ ಅಕ್ಕನ್ನ ನೋಡಿದೆ, ನಾನೇನೂ ಹೇಳಲ್ಲ," ಎಂದಳು.

"ನೀವು ಸುಮ್ಮನಾಗಬಾರದಿತ್ತು ಟೀಚರಮ್ಮ," ಎಂದ ಅವನು. "ನನಗೆ ಕರೆಂಟು ಬೇಕು, ಅದಕ್ಕೆ ನಾನು ಸುಮ್ಮನಾಗ್ತೀನಿ. ನನ್ನ ನೋಡಿ ಅಯ್ಯೋ ಅನ್ನಿಸ್ತು, ಅದಕ್ಕೆ ನೀವು ಸುಮ್ಮನಾಗ್ತೀರಿ. ಹಾಗಾದ್ರೆ ಈ ಮಕ್ಕಳ ಪರವಾಗಿ ಬಾಯಿ ಬಿಡೋರು ಯಾರು?" ಆಮೇಲೆ ಹಿರಿಯ ಅಧಿಕಾರಿಯ ಕಡೆ ತಿರುಗಿದ. "ಟ್ರಾಫಿಕ್ ಇರಲಿಲ್ಲ ಸಾರ್. ಮಕ್ಕಳನ್ನ ಬಸ್ಸಲ್ಲೇ ಬಿಟ್ಟು ಮನೆಗೆ ಓಡಿದೆ. ತಾಲೀಮು ಅಂತ ಗೊತ್ತಿದ್ದೂ ಓಡಿದೆ. ನಿಜವಾಗ್ಲೂ ಆದ ದಿನ ಏನು ಮಾಡ್ತೀನೋ, ನೀವೇ ಯೋಚನೆ ಮಾಡಿ."

ಬಸ್ಸಿನ ಅಧಿಕಾರಿ ತಲೆ ಮೇಲೆ ಕೈಯಿಟ್ಟುಕೊಂಡ. ಹಿರಿಯ ಅಧಿಕಾರಿ ಮಾತ್ರ ವಿಚಲಿತನಾಗಲಿಲ್ಲ. ಎಂಥ ತೊಡಕಿಗೂ ನಿಂತಲ್ಲೇ ಒಂದು ಉಪಾಯ ಹುಡುಕಿಯೇ ಅವನು ಅಷ್ಟು ಮೇಲೆ ಬಂದಿದ್ದ.

"ಅಷ್ಟೇ ತಾನೇ? ಡ್ರೈವರನ್ನ ಬದಲಾಯಿಸಿ, ನಾಳೆ ಇನ್ನೊಂದು ಸಲ ಮಾಡಿಬಿಡೋಣ," ಎಂದವನು, ಬಸ್ಸುಗಳ ಮುಂದೆ ನಿಂತಿದ್ದ ಚಾಲಕರನ್ನು ಗಟ್ಟಿಯಾಗಿ ಕೇಳಿದ: "ನಿಮ್ಮಲ್ಲಿ ಹಿಂದೆ ಮುಂದೆ ಯಾರೂ ಇಲ್ಲದೋರು ಯಾರಿದ್ದೀರಪ್ಪಾ? ಕೈ ಎತ್ತಿ ನೋಡೋಣ."

ಯಾರೂ ಅಲುಗಾಡಲಿಲ್ಲ. ಕೊನೆಗೆ ಸಾಲಿನ ತುದಿಯಲ್ಲಿದ್ದ ನರೆಗೂದಲಿನ ಚಾಲಕನೊಬ್ಬ ಕೈಯನ್ನು ಅರ್ಧ ಎತ್ತಿ, ಅಲ್ಲೇ ತಡೆದ.

"ಮನೇಲಿ ಒಂದು ನಾಯಿ ಇದೆ ಸಾರ್. ನಡೆಯುತ್ತಾ?"