ಬೇರಿಂಗಿನ ತಾಮ್ರ

"ಎಂಜಿನ್ ಬಿಚ್ಚಲೇಬೇಕು, ಅಪ್ಪ," ಎಂದಳು ಮಗಳು. ಪ್ರಯೋಗಾಲಯದಲ್ಲಿ ಅಪ್ಪನ ಲಾರಿಯ ಆಯಿಲ್ ಪರೀಕ್ಷಿಸಿದವಳು ಅವಳೇ. ಅದರಲ್ಲಿ ಸೀಸವೂ ತಾಮ್ರವೂ ಒಟ್ಟಿಗೇ ಏರಿದ್ದವು. ಅಂದರೆ ಒಳಗೆ ಬೇರಿಂಗ್ ಸವೆಯುತ್ತಿತ್ತು.

"ಒಂದು ಸದ್ದೂ ಇಲ್ವಲ್ಲಮ್ಮ, ಹೂವಿನ ಹಾಗೆ ಓಡ್ತಿದೆ!" ಅಪ್ಪ ಗೊಣಗಿದ. ಲೋಡ್ ಬೇರೆ ಕಾಯುತ್ತಿತ್ತು. ಮಗಳು ಮಾತು ಬದಲಿಸಲಿಲ್ಲ. ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಅಪ್ಪ ರಿಪೇರಿ ಶೆಡ್ಡಿನ ಮೇಸ್ತ್ರಿಯತ್ತ ತಿರುಗಿ "ಬಿಚ್ಚಪ್ಪ" ಎಂದ.

ಲಾರಿಯ ಅಡಿಯಿಂದ ಮೇಸ್ತ್ರಿ ಬೇರಿಂಗ್ ತೆಗೆದು ಕೊಟ್ಟ. ಬೂದುಬಣ್ಣದ ಮೇಲ್ಪದರ ಸವೆದು ತಾಮ್ರ ಹೊಳೆಯುತ್ತಿತ್ತು. "ಇನ್ನೊಂದು ಟ್ರಿಪ್ ಹೋಗಿದ್ರೆ ಎಂಜಿನ್ನೇ ಜಾಮ್ ಆಗ್ತಿತ್ತು. ನಿಮಗೆ ಹೇಗೆ ಗೊತ್ತಾಯ್ತಣ್ಣ?"

ಅಪ್ಪ ಆ ತುಂಡನ್ನು ಎತ್ತಿ ಹಿಡಿದು, ಶೆಡ್ಡಿನಲ್ಲಿದ್ದ ಡ್ರೈವರುಗಳಿಗೆಲ್ಲ ಕೇಳುವಂತೆ ಹೇಳಿದ: "ನನಗೆಲ್ಲಿ ಗೊತ್ತಾಯ್ತು? ನನ್ನ ಮಗಳಿಗೆ ಗೊತ್ತಾಯ್ತು!"